ಅಜ್ಜಿಯ ರೈಟು

ಇಸ್ತ್ರಿಯವನ ಗಾಡಿಯಿಂದ ಇದ್ದಿಲ ಹೊಗೆ ಬಂದಾಗಲೆಲ್ಲ ನನಗೆ ಮಳವಳ್ಳಿ ದಾರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ನಮ್ಮಜ್ಜಿಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಮಾತು: ಕಂಡಕ್ಟರು ಬಸ್ಸಿನ ಮೈ ತಟ್ಟಿ ಕೂಗುವ ‘ರೈಟ್’. ಮುದ್ದೆ ಬೆಂದರೆ ರೈಟು, ಒದೆಯುವ ಎಮ್ಮೆ ಹಾಲು ಕೊಟ್ಟರೆ ರೈಟು, ಸೊಸೆಯರ ಜಗಳ ನಿಂತರೂ ರೈಟು. ಲೆಕ್ಕ ಸರಿಯಾದರೆ ನಮ್ಮ ಮೇಷ್ಟ್ರೂ ಹಾಗೇ ಅನ್ನುತ್ತಾರೆ ಎಂದು ನಾನು ಹೇಳಿದಾಗ, “ಅವ್ರೂ ಬಸ್ಸಲ್ಲೇ ಕಲ್ತಿರ್ಬೇಕು ಕಣಮ್ಮಿ” ಎಂದಿದ್ದಳು.

ಅಂದು ದಿನ ತುಂಬಿದ ಚಿಕ್ಕವ್ವನನ್ನು ಕಿರುಗಾವಲಿನಿಂದ ಮಳವಳ್ಳಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆವು. ನಡುದಾರಿಯಲ್ಲಿ ಬಸ್ಸು ನಿಂತಿತು. ನೋವು ನಿಲ್ಲಲಿಲ್ಲ. ಡ್ರೈವರ್ ಸಾಬರು ಗಂಡಸರನ್ನೆಲ್ಲ ಕೆಳಗಿಳಿಸಿ, “ನೀವು ಮಗೀನ ನೋಡ್ಕಳಿ ಅಜ್ಜಮ್ಮ, ನಾನು ಬೆಂಕಿ ನೋಡ್ಕತೀನಿ” ಎಂದು ಹಿಂದಕ್ಕೆ ಹೋಗಿ ಇದ್ದಿಲ ಒಲೆಗೆ ಗಾಳಿ ಹಾಕತೊಡಗಿದರು. ಒಳಗೆ ಹೆಂಗಸರು ಸೀರೆ ಅಡ್ಡ ಹಿಡಿದರು. ಅದರ ಒಂದು ತುದಿ ನನ್ನ ಕೈಗೂ ಬಂತು.

ಕೂಸು ಹುಟ್ಟಿತು. ಆದರೆ ಅಳಲಿಲ್ಲ. ಸೀರೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಅಜ್ಜಿ ಅದನ್ನು ಅಂಗೈ ಮೇಲೆ ಬೋರಲು ಮಲಗಿಸಿಕೊಂಡು, ಥೇಟು ಕಂಡಕ್ಟರನ ಹಾಗೆಯೇ ಬೆನ್ನಿಗೆ ಎರಡು ಸಲ ತಟ್ಟಿದಳು.

“ರೈಟ್! ರೈಟ್!”

ಬಸ್ಸೆಲ್ಲ ತುಂಬುವಂತೆ ಅಳು ಎದ್ದಿತು.

“ಹೊಂಟ್ಲು ನೋಡ್ರವ್ವಾ, ನನ್ನ ಮೊಮ್ಮಗ್ಳು!” ಅಜ್ಜಿ ಕಣ್ಣೊರೆಸಿಕೊಂಡು ನಕ್ಕಳು.

ಬಸ್ಸು ಮಾತ್ರ ಇನ್ನೂ ನಿಂತೇ ಇತ್ತು.