ದಿನವೂ ಮರೆಯುತ್ತಿದ್ದ ಲ್ಯಾಪ್‌ಟಾಪ್

ಸ್ನಾನ ಮುಗಿಸಿ ಬಂದ ವಿನುತಾ ಲ್ಯಾಪ್‌ಟಾಪ್ ಮುಂದೆ ಕೂತಳು... ಮತ್ತೆ ಪಾಸ್‌ವರ್ಡ್ ಕೇಳುತ್ತಿದೆ!

ಅರ್ಧ ಗಂಟೆಯ ಹಿಂದೆ ತಾನೇ ಆಫೀಸ್ ಕೆಲಸದ ವೆಬ್‌ಸೈಟ್ ತೆರೆದಿಟ್ಟು ಹೋಗಿದ್ದಳು. ಈ ವಾರದಲ್ಲಿ ಇದು ನಾಲ್ಕನೇ ಸಲ.

ಆಫೀಸಿನ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದಳು. "ಮೇಡಂ, ಯಾರೋ ನಿಮ್ಮ ಬ್ರೌಸರ್‌ನಲ್ಲಿ ಕುಕೀಸ್, ಅಂದ್ರೆ ನೀವು ನೋಡಿದ ಸೈಟ್‌ಗಳ ನೆನಪು, ಡಿಲೀಟ್ ಮಾಡ್ತಿದ್ದಾರೆ. ಅದಕ್ಕೇ ಲಾಗಿನ್ ಹೋಗ್ತಿದೆ" ಎಂದರು.

ಯಾರೋ...? ಹಗಲು ಮನೆಯಲ್ಲಿರುವುದು ಇಬ್ಬರೇ. ಅವಳು, ಅತ್ತೆ ಜಯಶೀಲಮ್ಮ.

ಮೂರು ತಿಂಗಳ ಹಿಂದೆ, ಐದನೇ ತಿಂಗಳಿಗೇ ಬಸಿರು ಇಳಿದುಹೋದ ದಿನದಿಂದ ಅತ್ತೆ ತನ್ನನ್ನು ಬಾಗಿಲ ಸಂದಿಯಿಂದ ನೋಡುತ್ತಲೇ ಇದ್ದಾರೆ... ಈಗ ಲ್ಯಾಪ್‌ಟಾಪನ್ನೂ ತಡಕುತ್ತಿದ್ದಾರೆಯೇ?

ತಾನು ಗುಟ್ಟಾಗಿ ನೋಡುವುದೇನೆಂದು ಅವರಿಗೆ ತಿಳಿದುಬಿಟ್ಟರೆ...?

ಮರುದಿನ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು, ಸದ್ದಿಲ್ಲದೆ ಹಿಂತಿರುಗಿದಳು.

ಅತ್ತೆ ಕನ್ನಡಕ ಏರಿಸಿಕೊಂಡು, ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದದ್ದನ್ನು ಓದುತ್ತಾ ಒಂದೇ ಬೆರಳಲ್ಲಿ ಮೌಸ್ ಒತ್ತುತ್ತಿದ್ದರು. "ಮೂರು ಚುಕ್ಕೆ... ಆಮೇಲೆ ಕಸದ ಬುಟ್ಟಿ ಚಿತ್ರ..."

"ಏನ್ ಹುಡುಕ್ತಿದ್ದೀರ ಅತ್ತೆ? ನನ್ನನ್ನೇ ಕೇಳ್ಬಹುದಿತ್ತಲ್ಲ!"

ಜಯಶೀಲಮ್ಮ ಬೆಚ್ಚಿದರು. "ಹುಡುಕ್ತಿಲ್ಲ ಕಣಮ್ಮ... ಅಳಿಸ್ತಿದ್ದೀನಿ."

ಅವರೇ ಮುಂದುವರಿಸಿದರು... "ಕಾಫಿ ಕೊಡೋಕೆ ಬಂದಾಗೆಲ್ಲ ನೋಡ್ತೀನಿ. ನೀನು ಯಾವ ಪುಟ ತೆರೆದ್ರೂ ಪಕ್ಕದಲ್ಲಿ ತೊಟ್ಟಿಲಿನ ಜಾಹೀರಾತು! ನಿನ್ನ ಮುಖ ಬಾಡ್ಹೋಗತ್ತೆ. ಝೆರಾಕ್ಸ್ ಅಂಗಡಿ ಲಲಿತನ್ನ ಕೇಳ್ದೆ. ಇದನ್ನ ಅಳಿಸಿದ್ರೆ ಮಿಷನ್ನು ಹಳೇದೆಲ್ಲ ಮರ್ತುಬಿಡತ್ತೆ ಅಂದ್ಲು."

ಮತ್ತೆ ಹಾಳೆಯತ್ತ ನೋಡುತ್ತಾ ಹೇಳಿದರು... "ಆದ್ರೆ ಹಾಳಾದ್ದು, ದಿನಾ ಅಳಿಸ್ತೀನಿ, ಮಾರನೇ ದಿನ ಮತ್ತೆ ಬಂದಿರತ್ತೆ. ನಾನೇ ಎಲ್ಲೋ ತಪ್ಪು ಒತ್ತುತ್ತೀನೇನೋ..."

ವಿನುತಾ ಕುರ್ಚಿಯ ಬೆನ್ನು ಹಿಡಿದು ನಿಂತಳು. ಬಚ್ಚಲಲ್ಲಿ ನೀರು ಸುರಿಯುತ್ತಲೇ ಇತ್ತು.

"ನೀವು ತಪ್ಪು ಒತ್ತಿಲ್ಲ ಅತ್ತೆ... ಅದು ಮತ್ತೆ ಬರೋದು ನನ್ನಿಂದ. ದಿನಾ ನಾನೇ ಆ ಅಂಗಡಿ ಸೈಟಿಗೆ ಹೋಗಿ ನೋಡ್ತೀನಿ. ನಾನೂ ನಿಮ್ಮ ಮಗನೂ ಆರಿಸಿಟ್ಟಿದ್ದ ತೊಟ್ಟಿಲು ಇನ್ನೂ ಇದೆಯಾ ಅಂತ..."

ಅತ್ತೆ ಕ್ಯಾಲೆಂಡರ್ ಹಾಳೆಯನ್ನು ಮಡಿಚಿಟ್ಟರು. ಪಕ್ಕದಲ್ಲಿದ್ದ ಸ್ಟೂಲ್ ಎಳೆದುಕೊಂಡರು.

"ಬಾ, ಕೂತ್ಕೊ... ಯಾವ ತೊಟ್ಟಿಲು? ನಂಗೂ ತೋರ್ಸು."

ಮೂರು ತಿಂಗಳಲ್ಲಿ ಮೊದಲ ಸಲ ವಿನುತಾ ಬಾಯಿಬಿಟ್ಟು ಅತ್ತಳು... ಅತ್ತೆಯ ಹೆಗಲ ಮೇಲೆ.

ನೋವು ಅಳಿಸಿದರೆ ಹೋಗುವುದಿಲ್ಲ... ಜೊತೆಗೆ ಕೂತು ನೋಡುವವರು ಸಿಕ್ಕರೆ ಹಗುರಾಗುತ್ತದೆ.

"ಮರೆತುಬಿಡು" ಎಂದು ನೀವು ಕೊನೆಯ ಸಲ ಹೇಳಿದ್ದು ಯಾರಿಗೆ? ಇವತ್ತು ಅವರ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂರುತ್ತೀರಾ...?