ವಾರಕ್ಕೊಂದೇ ಪೆಗ್ಗು

"ನನ್ನ ಮುಖ ನೋಡ್ಬೇಡಿ, ಗ್ಲಾಸ್ ನೋಡಿ," ಎಂದಳು ಹೆಂಡತಿ. "ಇದು ಚೆನ್ನಾಗಿದೆಯಾ, ಅದಾ?"

ಊಟದ ಮೇಜಿನ ಮೇಲೆ ಸ್ಕಾಚಿನ ನಾಲ್ಕು ಪುಟಾಣಿ ಬಾಟಲಿಗಳು ಹಳೇ ಪೇಪರ್ ಸುತ್ತಿಕೊಂಡು ನಿಂತಿದ್ದವು. ಇನ್ನು ಮೇಲೆ ವಾರಕ್ಕೆ ಒಂದೇ ಪೆಗ್ಗು ಎಂದು ಡಾಕ್ಟರು ಗಂಡನಿಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಒಂದೇ ಅಂದಮೇಲೆ ಅದು ನಾಲಿಗೆಗೆ ಒಪ್ಪುವಂಥದ್ದಾಗಿರಬೇಕು, ಇಲ್ಲದಿದ್ದರೆ ಇಡೀ ವಾರ ಕಾದಿದ್ದು ದಂಡ. ಪಿಂಚಣಿಗೂ ಭಾರವಾಗಬಾರದು. ಅವನು ಆಗಲೇ ಎರಡು ದೊಡ್ಡ ಬಾಟಲಿ ತಂದು ಕೈ ಸುಟ್ಟುಕೊಂಡಿದ್ದ. ಒಂದು ಅಂಗಡಿಯವನು ಹೊಗಳಿದ್ದು, ಇನ್ನೊಂದು ಹೆಂಡತಿಯ ಅಣ್ಣ ಹೊಗಳಿದ್ದು. ಎರಡನೆಯದರಲ್ಲಿ ಹೊಗೆ ಹಾಕಿದ ಬ್ಯಾಂಡೇಜಿನ ವಾಸನೆ. ಆದರೂ ಆ ಅಣ್ಣನಿಗೇ ಫೋನ್ ಮಾಡಿ, "ಭಾವ, ಬಹಳ ಚೆನ್ನಾಗಿದೆ" ಎಂದಿದ್ದ ಪುಣ್ಯಾತ್ಮ.

ಗಂಡನ ತಪ್ಪೂ ಅಲ್ಲ ಬಿಡಿ. ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ನಿಂತು ನಿಂತೇ ನಿವೃತ್ತನಾದವನು. ಬಂದವರು ಏನಂದರೂ "ಹೌದು ಸಾರ್, ಖಂಡಿತ ಮೇಡಂ" ಅಂದೂ ಅಂದೂ ಕತ್ತು ಅದೊಂದೇ ಆಟಕ್ಕೆ ಒಗ್ಗಿಹೋಗಿತ್ತು. ಹೆಂಡತಿಯ ಕಸುಬು ಬೇರೆ. ಬೀದಿಯ ಮೂಲೆಯಲ್ಲಿ ಅವಳದೇ ಕನ್ನಡಕದ ಅಂಗಡಿ. ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಇದಾ, ಅದಾ?" ಎಂದು ದಿನವಿಡೀ ಕೇಳುವವಳು. ವಿಸ್ಕಿಗೂ ಅದೇ ದಾರಿ ಸಾಕು ಎಂದು ಅವಳೇ ಹೊರಟಿದ್ದಳು. ಹೆಸರು ಕಾಣಬಾರದು, ಬೆಲೆ ಗೊತ್ತಾಗಬಾರದು, ಎಲ್ಲ ಗುಟುಕು ಸೇರಿದರೂ ಒಂದು ಪೆಗ್ಗು ದಾಟಬಾರದು. ಅದಕ್ಕೇ ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಸುರಿಯುತ್ತಿದ್ದಳು.

ಅವನು ಒಂದು ಗ್ಲಾಸು ಚಪ್ಪರಿಸಿದ, ಇನ್ನೊಂದನ್ನು ಚಪ್ಪರಿಸಿದ. ಆಮೇಲೆ ಕಳ್ಳನ ಹಾಗೆ ಅವಳ ತುಟಿಯತ್ತ ನೋಡಿದ.

"ಅದು. ಇದು ಸ್ವಲ್ಪ ಖಾರ. ಅದು ಮೆತ್ತಗಿದೆ, ಕೊನೇಲಿ ಜೇನಿನ ಥರ."

"ಎರಡೂ ಒಂದೇ ಬಾಟಲಿದು ಕಣ್ರೀ."

ಗಂಡ ಇಂಗು ತಿಂದ ಮಂಗನಂತಾದ.

"ಅಂಗಡೀಲೂ ಹೀಗೇ ಮಾಡ್ತೀನಿ," ಎಂದಳು. "ಒಂದೇ ಗಾಜನ್ನ ಎರಡು ಸಲ ಹಾಕಿ ಕೇಳಿದ್ರೆ, ಸುಮ್ನೆ ಹೂಂಗುಟ್ಟೋರು ಸಿಕ್ಕಿಬೀಳ್ತಾರೆ."

"ನೀನು ಎರಡನೇದಕ್ಕೆ ನಕ್ಕ ಹಾಗಿತ್ತು. ಅದೇ ಅಗ್ಗದ್ದಿರಬೇಕು ಅಂದ್ಕೊಂಡೆ."

"ನಿಮ್ಮ ನಾಲಿಗೆ ನನ್ನ ಮುಖದಲ್ಲಿದೆಯಾ?" ಎನ್ನುತ್ತಾ ಒಂದೊಂದು ಬಾಟಲಿಯ ಮುಂದೂ ಒಂದೊಂದು ಗ್ಲಾಸಿಗೆ ಮತ್ತೆ ಸುರಿದಿಟ್ಟು, ಕುರ್ಚಿ ತಿರುಗಿಸಿ, ಗೋಡೆಗೆ ಮುಖಮಾಡಿ ಕೂತುಬಿಟ್ಟಳು. "ಈಗ ಹೇಳಿ."

ಎದುರಿಗೆ ಅವಳ ಬೆನ್ನು, ಜಡೆ ಅಷ್ಟೇ. ಅವನಿಗೆ ತುಸು ಹೆದರಿಕೆಯೇ ಆಯಿತು. ಕೇಳಲು ಯಾರೂ ಇಲ್ಲದೆ ತನ್ನ ಬಾಯನ್ನೇ ಕೇಳಬೇಕಾದ ಪರಿಸ್ಥಿತಿ. ಗುಟುಕನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡ.

"ಇದು ಬೇಡ. ಬ್ಯಾಂಡೇಜು."

"ನಮ್ಮಣ್ಣಂಗೆ ಹೇಳ್ಲಾ?"

"ಹೇಳ್ಕೋ," ಎಂದ. ತನ್ನ ದನಿ ಕೇಳಿ ತನಗೇ ಆಶ್ಚರ್ಯವಾಯಿತು. ಆಮೇಲೆ ಸಲೀಸು. ಇನ್ನೊಂದು ಬರೀ ಸಪ್ಪೆ, ಮತ್ತೊಂದು ಅತಿ ಸಿಹಿ ಎಂದು ಪಕ್ಕಕ್ಕೆ ಸರಿಸಿದ. ಕೊನೆಯದನ್ನು ಎರಡು ಸಲ ನುಂಗಿ, ಕಣ್ಣು ಮುಚ್ಚಿ ಕೂತ. "ಇದು. ಚೂರು ಒರಟು, ಆದ್ರೆ ನುಂಗಿದ ಮೇಲೂ ಬಾಯಲ್ಲಿ ಒಣದ್ರಾಕ್ಷಿ ಉಳ್ಕೊಂಡಿದೆ. ನೀನೇನಾದ್ರೂ ಅನ್ಕೋ, ನಂಗೆ ಇದೇ."

"ಪೇಪರ್ ಬಿಚ್ಚಿ ಓದಿ ಮತ್ತೆ."

ಬಿಚ್ಚಿದ. ದೂರ ಹಿಡಿದ, ಹತ್ತಿರ ಹಿಡಿದ. ಕಡೆಗೆ ಕನ್ನಡಕವನ್ನು ಹಣೆಗೇರಿಸಿ, ಬಾಟಲಿಯನ್ನು ಮೂಗಿನ ತನಕ ತಂದು ಓದಿದ.

"ಅದಾ? ವೈನ್ ಶಾಪಲ್ಲಿ ಕೆಳಗಿನ ಸಾಲಲ್ಲಿ ಧೂಳು ಹಿಡಿದು ಕೂತಿತ್ತು," ಅವಳ ಬೆನ್ನು ಖುಷಿಯಿಂದ ಅಲುಗಿತು. "ಅಗ್ಗದ ಪೈಕಿನೇ. ದೊಡ್ಡ ಬಾಟಲಿ ತಂದ್ರೆ ತಿಂಗಳುಗಟ್ಟಲೆ ಬರುತ್ತೆ. ಗೆದ್ರಿ ಬಿಡಿ."

ಅವನಿಗೂ ಎದೆ ಹಗುರವಾಯಿತು. ವಾರದ ಪೆಗ್ಗಿನ ಚಿಂತೆ ಮುಗಿದಂತೆ. ಆ ಧೈರ್ಯದಲ್ಲೇ ಮಾತು ಹೊರಬಂತು.

"ಹೇಗೂ ಆ ಕಡೆ ತಿರುಗಿದೀಯ. ಇನ್ನೊಂದು ಹೇಳ್ಲಾ? ನೀನು ಮಾಡ್ಕೊಟ್ಟ ಈ ಕನ್ನಡಕ ನಂಗೆ ಸರಿ ಹೋಗಿಲ್ಲ ಕಣೇ. ಮೊದಲ ದಿನದಿಂದ್ಲೂ."

ಜಡೆ ಅಲುಗಲಿಲ್ಲ.

"ಅವತ್ತು ಇದೇ ಚೆನ್ನಾಗಿದೆ ಅಂದಿದ್ರಲ್ಲ?"

"ನೀನು ನಕ್ಕಿದ್ದೆ."

"ಒಂದೇ ಗಾಜನ್ನ ಎರಡು ಸಲ ಹಾಕಿ ಕೇಳೋ ಪರೀಕ್ಷೆ ನಿಮಗೆ ಮಾತ್ರ ಮಾಡ್ಲಿಲ್ಲ ನಾನು," ಎಂದಳು ಸಣ್ಣಗೆ. "ಗಂಡ ಅಲ್ವಾ ಅಂತ ನಂಬಿದೆ."

ಕುರ್ಚಿ ಸದ್ದು ಮಾಡಿತು. ಅವಳು ತಿರುಗಿದಳು. ಬೇಜಾರೂ ಇತ್ತು, ನಗುವೂ ಬರುವ ಹಾಗಿತ್ತು. ಯಾವುದನ್ನು ಮೊದಲು ಬಿಡಲಿ ಎಂದು ಅವಳಿಗೇ ತಿಳಿಯಲಿಲ್ಲ. ಅವನ ಹಣೆಯ ಮೇಲಿದ್ದ ಕನ್ನಡಕವನ್ನು ಕಿತ್ತು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಇಷ್ಟು ದಿನ ನಾನು ಹೇಗೆ ಕಾಣ್ತಿದ್ದೆ?"

"ಮಸುಕು ಮಸುಕು," ಎಂದ ಅವನು. "ನಕ್ಕಿದ್ದೊಂದೇ ಸರಿಯಾಗಿ ಕಾಣ್ತಿತ್ತು."