ಕಡಲುಗಳ್ಳನ ಕಣ್ಣು

ಸಾಹಸದ ಕತೆಗಳ ಪುಸ್ತಕಕ್ಕೆ ಬಣ್ಣದ ಚಿತ್ರ ಹಾಕಿಸುತ್ತಿರುವವರು ಈ ಸೀಮೆಯಲ್ಲೇ ತಾವೊಬ್ಬರೇ ಎಂಬ ಹೆಮ್ಮೆ ಪ್ರಕಾಶಕರಿಗೆ. ಆದರೆ ಬರೆಯಲು ಸಿಕ್ಕಿದವನು ದೇವಸ್ಥಾನಗಳಿಗೆ ಪಟ ಬರೆಯುವ ಸಿಂಗ್ರಪ್ಪ. ಕಡಲುಗಳ್ಳನ ಚಿತ್ರ ಹೆಚ್ಚುಕಡಿಮೆ ಮುಗಿದಿತ್ತು. ಹಡಗು, ಕತ್ತಿ, ಗಡ್ಡ, ಎಡಗಣ್ಣಿಗೆ ಕಪ್ಪು ಪಟ್ಟಿ ಎಲ್ಲ ಬಂದಿದ್ದವು. ಬಲಗಣ್ಣಿನ ಜಾಗ ಮಾತ್ರ ಖಾಲಿ.

"ಸಂಜೆ ರೈಲಿಗೆ ಇದು ಮದರಾಸಿನ ಅಚ್ಚುಕೂಟಕ್ಕೆ ಹೋಗ್ಬೇಕು. ಇರೋದೇ ಒಂದು ಕಣ್ಣು, ಬರೆದು ಬಿಸಾಕಯ್ಯ."

"ಕಣ್ಣು ತೆರೆಸೋವಾಗ ಎದುರಿಗೆ ಕನ್ನಡಿ ಇಡ್ಬೇಕು ಬುದ್ಧಿ. ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರ್ದು."

"ಅದೆಲ್ಲ ದೇವರ ಪಟಕ್ಕೆ. ಇವನು ಕಳ್ಳ!"

"ಅದಕ್ಕೇ ಹೇಳ್ತಿರೋದು."

ಪ್ರಕಾಶಕರು ಗಹಗಹಿಸಿ ನಕ್ಕರು. "ನಿನ್ನೆ ತಾನೇ ಪುರಭವನದಲ್ಲಿ ಮೂಢನಂಬಿಕೆ ಬಿಡಿ ಅಂತ ಒಂದು ಗಂಟೆ ಭಾಷಣ ಮಾಡಿ ಬಂದಿದೀನಿ ಕಣಯ್ಯ. ಕನ್ನಡಿಯೂ ಬೇಡ, ಗಿನ್ನಡಿಯೂ ಬೇಡ. ಎದುರಿಗೆ ನಾನೇ ನಿಂತ್ಕೋತೀನಿ. ಅದೇನು ಮಾಡ್ತಾನೋ ನೋಡೇಬಿಡೋಣ."

"ನಿಮ್ಮಿಷ್ಟ."

ಪ್ರಕಾಶಕರು ಪಟದ ಎದುರು ಎದೆಯುಬ್ಬಿಸಿ ನಿಂತರು. ಸಿಂಗ್ರಪ್ಪ ಕೈಮುಗಿದು, ಕುಂಚವನ್ನು ಕಪ್ಪಿನಲ್ಲಿ ಅದ್ದಿ, ಖಾಲಿ ಬಿಟ್ಟಿದ್ದ ಜಾಗದ ಹತ್ತಿರ ತಂದ.

"ಒಂದ್ನಿಮಿಷ ತಡಿ" ಎಂದರು ಪ್ರಕಾಶಕರು.

ಕುಂಚ ನಿಂತಿತು.

ಅವರು ಕೋಟಿನ ಮೇಲೆ ಇಳಿಬಿದ್ದಿದ್ದ ಗಡಿಯಾರದ ಚಿನ್ನದ ಸರಪಳಿಯನ್ನು ಒಳಜೇಬಿಗೆ ತಳ್ಳಿ, ಕತ್ತಿನವರೆಗೂ ಗುಂಡಿ ಹಾಕಿಕೊಂಡು, "ಹೂಂ, ಈಗ ಬರಿ" ಎಂದರು.